ಒಂದು ಕುದುರೆ, ಎರಡು ಸುಂಕ

ಸುಂಕದವನ ಮುಂದೆ ಸುಖ-ದುಃಖ ಹೇಳಿಕೊಂಡು ಫಲವಿಲ್ಲ ಎಂಬ ಮಾತು ನಮ್ಮಲ್ಲಿ ರೂಢಿಯಲ್ಲಿದೆ. ಆದರೆ ಸುಂಕದವನ ಮುಂದೆ ಹೇಳಿ ಸೋತ ದುಃಖವನ್ನು ಖಲೀಫರ ಮುಂದೆ ಹೇಳಿ ಗೆದ್ದ ವ್ಯಾಪಾರಿಯೊಬ್ಬನ ಪ್ರಸಂಗ ಇತಿಹಾಸದಲ್ಲಿದೆ.

ಹಝ್ರತ್ ಉಮರ್(ರ) ಖಲೀಫರಾಗಿದ್ದ ಕಾಲ, ಅಂದರೆ ಕ್ರಿ.ಶ. 634ರಿಂದ 644. ಹೊರನಾಡಿಗೆ ಹೋದ ಮುಸ್ಲಿಮ್ ವರ್ತಕರಿಂದ ಅಲ್ಲಿನವರು ಹತ್ತನೇ ಒಂದು ಭಾಗ ಸುಂಕ ಪಡೆಯುತ್ತಿದ್ದಾರೆಂದು ಅಬೂ ಮೂಸಾ ಅಲ್ ಅಶ್‌ಅರಿ(ರ) ಪತ್ರ ಬರೆದರು. ಅವರು ಪಡೆಯುವಷ್ಟನ್ನೇ ನೀವೂ ಅವರಿಂದ ಪಡೆಯಿರಿ ಎಂದು ಉಮರ್ ಉತ್ತರಿಸಿದರು. ಹೀಗೆ ‘ಉಶ್ರ್’ ಎಂಬ ಗಡಿಸುಂಕ ಜಾರಿಗೆ ಬಂತು. ಹೊರನಾಡಿನವರಿಗೆ ಹತ್ತರಲ್ಲಿ ಒಂದು ಭಾಗ, ರಾಜ್ಯದ ಮುಸ್ಲಿಮೇತರರಿಗೆ ಇಪ್ಪತ್ತರಲ್ಲಿ ಒಂದು, ಮುಸ್ಲಿಮರಿಗೆ ನಲವತ್ತರಲ್ಲಿ ಒಂದು. ಇಂದಿನ ಕಣ್ಣಿಗೆ ಈ ದರಗಳು ಸಮಾನವಲ್ಲ. ಅದನ್ನು ಮರೆಮಾಚಬೇಕಾಗಿಯೂ ಇಲ್ಲ.

ಸುಂಕಕ್ಕೆ ನೇಮಕಗೊಂಡವರು ಝಿಯಾದ್ ಬಿನ್ ಹುದೈರ್. ಬನೂ ತಗ್ಲಿಬ್ ಬುಡಕಟ್ಟಿನ ಕ್ರೈಸ್ತ ಅರಬನೊಬ್ಬ ಕುದುರೆಯೊಂದಿಗೆ ಅವರ ಕಟ್ಟೆಗೆ ಬಂದ. ಕುದುರೆಗೆ 20,000 ಬೆಲೆ ಕಟ್ಟಲಾಯಿತು. ಒಂದೋ ಸಾವಿರ ಕೊಟ್ಟು ಕುದುರೆ ಇಟ್ಟುಕೋ, ಇಲ್ಲವೇ ಹತ್ತೊಂಬತ್ತು ಸಾವಿರ ತೆಗೆದುಕೊಂಡು ಕುದುರೆ ಬಿಟ್ಟುಹೋಗು ಎಂದರು ಝಿಯಾದ್. ಆತ ಸಾವಿರ ತೆತ್ತ. ಅದೇ ವರ್ಷ ಮರಳಿ ಬರುವಾಗ ಮತ್ತೆ ಸಾವಿರ ಕೇಳಿದರು. ಕುದುರೆ ಅದೇ, ಒಡೆಯನೂ ಅವನೇ!

ಆತ ನೇರವಾಗಿ ಮಕ್ಕಾದಲ್ಲಿದ್ದ ಖಲೀಫರ ಬಳಿಗೆ ಹೋದ. ಉಮರ್ ಎಲ್ಲವನ್ನೂ ಕೇಳಿದರು. ನಿನ್ನ ಕೆಲಸವಾಯಿತು ಎಂಬರ್ಥದ ಒಂದೇ ಪದ ನುಡಿದು ಸುಮ್ಮನಾದರು. ಇದು ಬರೀ ಸಮಾಧಾನದ ಮಾತೆಂದುಕೊಂಡ ಆತ, ಇನ್ನೊಂದು ಸಾವಿರ ತೆರಲು ಮನಸ್ಸು ಗಟ್ಟಿಮಾಡಿಕೊಂಡೇ ಹಿಂದಿರುಗಿದ. ಆದರೆ ಅವನಿಗಿಂತ ಮೊದಲೇ ಖಲೀಫರ ಪತ್ರ ಕಟ್ಟೆಗೆ ತಲುಪಿತ್ತು. ಒಮ್ಮೆ ಸುಂಕ ತೆತ್ತವನಿಂದ, ಸರಕು ಹೆಚ್ಚಿರದ ಹೊರತು, ಮುಂದಿನ ವರ್ಷದ ಅದೇ ದಿನದವರೆಗೆ ಏನನ್ನೂ ಕೇಳಬಾರದೆಂಬುದು ಅದರ ಸಾರ. ಅಬ್ಬಾಸಿ ಖಲೀಫ ಹಾರೂನ್ ರಶೀದ್‌ಗಾಗಿ ಬರೆದ ‘ಕಿತಾಬುಲ್ ಖರಾಜ್’ನಲ್ಲಿ ಖಾಝಿ ಅಬೂ ಯೂಸುಫ್ ಈ ಪ್ರಸಂಗವನ್ನು ದಾಖಲಿಸಿದ್ದಾರೆ.

ಮಾರಲು ತಂದ ಸರಕು ಬೇರೆ, ಹೋಗಿ ಮರಳುವ ಸರಕು ಬೇರೆ. ಜಗತ್ತು ಈ ವ್ಯತ್ಯಾಸಕ್ಕೆ ಒಂದು ಸಾಮಾನ್ಯ ಕಾಗದ ಮಾಡಿಕೊಳ್ಳಲು 20ನೇ ಶತಮಾನದವರೆಗೆ ಕಾಯಬೇಕಾಯಿತು. 1961ರ ಡಿಸೆಂಬರ್‌ನಲ್ಲಿ ಬ್ರಸೆಲ್ಸ್‌ನಲ್ಲಿ ರೂಪುಗೊಂಡು 1963ರಲ್ಲಿ ಜಾರಿಯಾದ ಒಪ್ಪಂದದಿಂದ ‘ಎಟಿಎ ಕಾರ್ನೆ’ ಹುಟ್ಟಿತು. ಇದನ್ನು ಸರಕಿನ ಪಾಸ್‌ಪೋರ್ಟ್ ಎನ್ನುವುದುಂಟು. ಪ್ರದರ್ಶನಕ್ಕೆ ಒಯ್ಯುವ ವಸ್ತು, ಮಾದರಿ, ವೃತ್ತಿಯ ಸಲಕರಣೆಗಳನ್ನು ಕ್ರಮಸಂಖ್ಯೆ ಸಹಿತ ಪಟ್ಟಿ ಮಾಡಿ, ಗಡಿ ದಾಟುವಾಗಲೆಲ್ಲ ಮುದ್ರೆ ಒತ್ತಿಸಬೇಕು. ಸಾಮಾನ್ಯವಾಗಿ ಅವಧಿ ಒಂದು ವರ್ಷ. ಉಮರ್ ಕೊಟ್ಟ ಗಡುವೂ ಅಷ್ಟೇ ಎಂಬುದು ಕಾಕತಾಳೀಯ. ಸರಕು ಹಿಂದಿರುಗದಿದ್ದರೆ ಸುಂಕಕ್ಕೆ ವಾಣಿಜ್ಯ ಸಂಸ್ಥೆ ಜಾಮೀನು. ಭಾರತದಲ್ಲಿ ಆ ಸಂಸ್ಥೆ ಫಿಕ್ಕಿ. ತಿಂದು ಮುಗಿಯುವ, ಬಳಸಿ ತೀರುವ ವಸ್ತುಗಳಿಗೆ ಇದು ಸಲ್ಲದು.

ಆದರೆ ಕಾರ್ನೆ ಇಲ್ಲದವರ ಗತಿ? ನಮ್ಮ 1962ರ ಕಸ್ಟಮ್ಸ್ ಕಾಯ್ದೆಯ 20ನೇ ಕಲಮಿನ ಪ್ರಕಾರ ದೇಶದಿಂದ ಹೊರಹೋಗಿ ಮರಳಿದ ಸರಕಿಗೂ ಸುಂಕ ಉಂಟು. ವಿನಾಯಿತಿ ಬೇಕಿದ್ದರೆ ಇದು ಹೋದ ವಸ್ತುವೇ ಎಂದು ತೋರಿಸಬೇಕು. ನಿಯಮ ತಪ್ಪೆನ್ನಲಾರೆ, ಸುಳ್ಳು ಹೇಳುವವರೂ ಇದ್ದಾರಲ್ಲ!

ನನ್ನ ಖಾಲಾ ಮಗಳನ್ನು ನೋಡಲು ಗಲ್ಫಿಗೆ ಹೋಗಿ ಬಂದಾಗ ಕೈಯಲ್ಲಿದ್ದ ಮದುವೆಯ ಬಳೆಗಳಿಗೆ ರಸೀದಿ ಕೇಳಿದರು. ಮಾಡಿಕೊಟ್ಟ ಅಕ್ಕಸಾಲಿಗ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಹೊರಡುವ ಮುನ್ನವೇ ಒಡವೆ ತೋರಿಸಿ ರಫ್ತು ಪ್ರಮಾಣಪತ್ರ ಪಡೆಯಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಎರಡು ತಾಸು ಕೂರಿಸಿದರು. ಕೊನೆಗೆ ವಯಸ್ಸಾದ ಅಧಿಕಾರಿಯೊಬ್ಬರು ಬಂದು ಬಳೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಸವೆದು ತೆಳ್ಳಗಾದ ಅಂಚನ್ನು ಬೆರಳಿನಿಂದ ಸವರಿ, “ಹೋಗಿ ಬನ್ನಿ ಅಮ್ಮಾ” ಎಂದರು.

ಕಾಗದ ಬೇಕು, ನಿಜ. ಆದರೆ ಕಾಗದದ ದಾರಿ ತಿಳಿಯದವರ ದುಃಖ ಕೇಳಲು ಕಟ್ಟೆಯಲ್ಲಿ ಒಬ್ಬರಾದರೂ ಇರಬೇಕು. ಪ್ರತಿಯೊಬ್ಬರೂ ಮಕ್ಕಾದವರೆಗೆ ನಡೆದು ಹೋಗಲು ಸಾಧ್ಯವಿಲ್ಲ.