ಮಂಜುಗಡ್ಡೆಯ ಬೈರಿಗೆ

ಶೀತದೇಶಗಳ ಸರೋವರಗಳು ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತವೆ. ನೀರು 4 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅತ್ಯಂತ ಸಾಂದ್ರವಾಗಿದ್ದು, ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೆಯೇ ನಿಂತು ಗಟ್ಟಿಯಾಗುವುದು ಇದಕ್ಕೆ ಕಾರಣ. ಮೇಲೆ ಕಲ್ಲಿನಂಥ ಹೊದಿಕೆಯಿದ್ದರೂ ಅದರಡಿಯಲ್ಲಿ ಮೀನುಗಳು ಚಳಿಗಾಲವನ್ನೆಲ್ಲ ಕಳೆಯುತ್ತವೆ. ಬೆಳೆಯಿಲ್ಲದ, ಬೇಟೆ ದುರ್ಲಭವಾದ ಆ ತಿಂಗಳುಗಳಲ್ಲಿ ಮನುಷ್ಯನಿಗೂ ಅವನ ಆಹಾರಕ್ಕೂ ನಡುವೆ ಒಂದು ರಂಧ್ರದ ಅಂತರ ಮಾತ್ರ ಇರುತ್ತಿತ್ತು. ಆ ರಂಧ್ರವನ್ನು ಯಾವುದರಿಂದ ತೆಗೆಯಬೇಕೆಂಬ ಪ್ರಶ್ನೆಗೆ ದೀರ್ಘವಾದ ಚರಿತ್ರೆಯುಂಟು.

ಮೊದಲ ಸಾಧನ ಉಳಿ. ಉತ್ತರಧ್ರುವದ ಅಂಚಿನ ಇನ್ಯೂಯಿಟ್ ಜನರು ಉದ್ದವಾದ ಕೋಲಿನ ತುದಿಗೆ ಎಲುಬಿನ ಅಥವಾ ಕೊಂಬಿನ ಮೊನೆಯನ್ನು ಕಟ್ಟಿ ಮಂಜುಗಡ್ಡೆಯನ್ನು ಕುಟ್ಟುತ್ತಿದ್ದರು. ಒಡೆದ ಚೂರುಗಳನ್ನು ಸೌಟಿನಿಂದ ಎತ್ತಿ ಹಾಕುತ್ತಿದ್ದರು. ಕಬ್ಬಿಣವು ದೊರೆತ ಮೇಲೆ ಮೊನೆ ಬದಲಾಯಿತೇ ಹೊರತು ಕ್ರಮ ಬದಲಾಗಲಿಲ್ಲ.

ಈ ಶ್ರಮದ ಬೆಲೆಯನ್ನು ಕೆನಡಾ ದೇಶದ ವಿನ್ನಿಪೆಗ್ ಸರೋವರದ ದಡದಲ್ಲಿ ಕಾಣಬಹುದು. 1875ರ ಶರತ್ಕಾಲದಲ್ಲಿ ಐಸ್‌ಲೆಂಡಿನಿಂದ ವಲಸೆ ಬಂದ 200ಕ್ಕೂ ಹೆಚ್ಚು ಮಂದಿ ಈಗಿನ ಗಿಮ್ಲಿ ಪಟ್ಟಣದ ಬಳಿ ಇಳಿದರು. ಅವರು ಮೀನುಗಾರರೇ ಹೌದು. ಆದರೆ ತೆರೆದ ಕಡಲಿನ ಮೀನುಗಾರರು. ಹೆಪ್ಪುಗಟ್ಟಿದ ಸರೋವರದ ಅಡಿಯಲ್ಲಿ ಬಲೆ ಹರಡುವುದು ಅವರಿಗೆ ಹೊಸ ವಿದ್ಯೆ. ಮೊದಲ ಚಳಿಗಾಲದಲ್ಲಿ ಹಸಿವು, ರೋಗ ಎರಡನ್ನೂ ಕಂಡರು. 1876ರಲ್ಲಿ ಸಿಡುಬು ಬಂದು ವಲಸೆಗಾರರನ್ನೂ ಮೂಲನಿವಾಸಿಗಳನ್ನೂ ಒಂದೇ ಸಮನೆ ಕೊಂದಿತು. ಆ ನೆಲದ ಮೂಲನಿವಾಸಿಯಾದ ಜಾನ್ ರಾಮ್ಸೆ ಎಂಬಾತನು, ತನ್ನ ಜನರ ಭೂಮಿ ಪರರ ಪಾಲಾಗುತ್ತಿದ್ದರೂ, ಹೊಸಬರಿಗೆ ನೆರವಾದನೆಂಬುದು ಆ ವಸಾಹತಿನ ಚರಿತ್ರೆಯಲ್ಲಿ ಸ್ಮರಣೀಯವಾಗಿದೆ. ಬರಬರುತ್ತ ಐಸ್‌ಲೆಂಡಿನವರು ಆ ವಿದ್ಯೆಯಲ್ಲಿ ಪಾರಂಗತರಾದರು.

ಕೆಲಸದ ಕ್ರಮ ಹೀಗಿತ್ತು: ಒಂದು ರಂಧ್ರದಿಂದ ಹಗ್ಗ ಕಟ್ಟಿದ ನೀಳವಾದ ಗಳುವನ್ನು ಅಡಿಯಲ್ಲಿ ತೂರಿಸುವುದು, ಗಳುವಿನ ತುದಿ ಮುಟ್ಟುವಲ್ಲಿ ಮತ್ತೊಂದು ರಂಧ್ರ, ಅಲ್ಲಿಂದ ಮುಂದಕ್ಕೆ ಮತ್ತೆ ತಳ್ಳುವುದು. ಬಲೆಯೊಂದಕ್ಕೆ ರಂಧ್ರಗಳ ಸಾಲೇ ಬೇಕು. ಇದಕ್ಕೆ ಆ ಪ್ರಾಂತದ ಮೀನುಗಾರರು ಕಂಡುಕೊಂಡ ಪರಿಹಾರ ಜಿಗ್ಗರ್ ಎಂಬ ಹಲಗೆ. ಅದು ಮಂಜುಗಡ್ಡೆಯ ತಳಕ್ಕೆ ಅಂಟಿ ತೇಲುತ್ತದೆ. ಹಗ್ಗವನ್ನು ಎಳೆದು ಬಿಟ್ಟಂತೆಲ್ಲ ಅದರ ಸನ್ನೆಯು ಮೇಲಿನ ಗಡ್ಡೆಯನ್ನು ಒದ್ದು ಹಲಗೆಯನ್ನು ಮುಂದಕ್ಕೆ ಸಾಗಿಸುತ್ತದೆ. ಆಮೇಲೆ ಬಲೆಯ ಎರಡು ಕೊನೆಗಳಲ್ಲಿ ಎರಡು ರಂಧ್ರಗಳಿದ್ದರೆ ಸಾಕಾಯಿತು. ಬೇಗ ಕೊರೆಯುವ ಯಂತ್ರವನ್ನು ಹುಡುಕುವ ಮೊದಲೇ ಕೊರೆಯಬೇಕಾದ ರಂಧ್ರಗಳನ್ನೇ ಕಡಿಮೆ ಮಾಡಿದ ಈ ಬುದ್ಧಿ ಮೆಚ್ಚತಕ್ಕದ್ದು.

ಗಾಳದವರ ಸ್ಥಿತಿ ಬೇರೆ. ಮೀನು ಇರುವ ಸ್ಥಳವನ್ನು ಅರಸುತ್ತ ದಿನಕ್ಕೆ ಹತ್ತಾರು ರಂಧ್ರಗಳನ್ನು ಅವರು ತೆಗೆಯಬೇಕು. ಇವರಿಗೆ ಒದಗಿದ್ದು ನಮ್ಮ ಬಡಗಿಯ ಬೈರಿಗೆಯ ದೊಡ್ಡ ರೂಪ: ತಳದಲ್ಲಿ ಹರಿತವಾದ ಅಲಗುಗಳು, ಚೂರನ್ನು ಮೇಲಕ್ಕೆತ್ತುವ ತಿರುಪು, ತುದಿಯಲ್ಲಿ ಕೈಹಿಡಿ. ಚೂರಿಗಳಿಗೆ ಪ್ರಸಿದ್ಧವಾದ ಸ್ವೀಡನ್ನಿನ ಮೋರಾ ಊರಿನ ಹೆಸರು ಇಂಥ ಕೈಬೈರಿಗೆಗಳಿಗೂ ಅಂಟಿತು. ಎರಡನೆಯ ಮಹಾಯುದ್ಧದ ತರುವಾಯ ಪೆಟ್ರೋಲ್ ಯಂತ್ರದ ಬೈರಿಗೆಗಳು ಬಳಕೆಗೆ ಬಂದವು. 2010ರ ದಶಕದಲ್ಲಿ ಲಿಥಿಯಂ ಬ್ಯಾಟರಿಯವು ಹರಡಿದವು.

ಇವುಗಳಲ್ಲಿ ಯಾವುದು ಮೇಲು? ಲೆಕ್ಕವೇ ಉತ್ತರ ಹೇಳುತ್ತದೆ. ರಂಧ್ರದಿಂದ ತೆಗೆಯಬೇಕಾದ ಗಡ್ಡೆಯು ಅಗಲದ ವರ್ಗಕ್ಕೆ ಅನುಸಾರವಾಗಿ ಹೆಚ್ಚುತ್ತದೆ. 6 ಇಂಚಿನ ರಂಧ್ರಕ್ಕಿಂತ 10 ಇಂಚಿನದು ಸುಮಾರು 2.8 ಪಾಲು ಹೆಚ್ಚು ಕೆಲಸ. ಚಳಿಗಾಲದ ಆರಂಭದ ತೆಳುಗಡ್ಡೆಯಲ್ಲಿ ಕಿರಿದಾದ ನಾಲ್ಕಾರು ರಂಧ್ರಗಳಿಗೆ ಕೈಬೈರಿಗೆ ಧಾರಾಳವಾಗಿ ಸಾಲುತ್ತದೆ. ಅಲಗು ಮಾತ್ರ ಮೊಂಡಾಗಿರಬಾರದು. ಗಡ್ಡೆ 3 ಅಡಿ ದಪ್ಪವಾಗಿ ರಂಧ್ರಗಳು ಅನೇಕವಾದಾಗ ತೋಳು ಸೋಲುತ್ತದೆ, ಯಂತ್ರ ಬೇಕಾಗುತ್ತದೆ. ಆದರೆ ಯಂತ್ರಕ್ಕೂ ತನ್ನ ಬಾಧೆಗಳುಂಟು. ಪೆಟ್ರೋಲಿನದು ಭಾರ, ಸದ್ದು ಹೆಚ್ಚು. ಮುಚ್ಚಿದ ಗುಡಾರದೊಳಗೆ ಅದರ ಹೊಗೆ ಪ್ರಾಣಾಂತಿಕ. ಬ್ಯಾಟರಿಯು ಚಳಿಯಲ್ಲಿ ಸತ್ವಗುಂದುವುದರಿಂದ ಬಳಸುವವನು ಅದನ್ನು ಅಂಗಿಯೊಳಗೆ ಬೆಚ್ಚಗಿಟ್ಟುಕೊಳ್ಳಬೇಕಾಗುತ್ತದೆ.

ಇನ್ನೊಂದು ಸಂಗತಿಯನ್ನು ಮಾತ್ರ ಯಾವ ಯಂತ್ರವೂ ತಿಳಿಸಲಾರದು. ಮನುಷ್ಯನೊಬ್ಬನು ನಡೆಯಲು ಸ್ವಚ್ಛವಾದ ಗಟ್ಟಿ ಮಂಜುಗಡ್ಡೆ 4 ಇಂಚಾದರೂ ಇರಬೇಕೆಂದು ವಾಡಿಕೆಯ ನಿಯಮ. ಹಿಮ ಬೆರೆತ ಬಿಳಿಯ ಗಡ್ಡೆಯಾದರೆ ಅದರ ಇಮ್ಮಡಿ. ಬೈರಿಗೆಯು ನಿಂತ ಸ್ಥಳದ ದಪ್ಪವನ್ನು ಹೇಳುತ್ತದೆ. ಮುಂದಿನ ಹೆಜ್ಜೆಯ ಸುದ್ದಿಯನ್ನು ಹೇಳುವುದು ಉಳಿ. ಬಲವಾಗಿ ಕುಟ್ಟಿದ ಒಂದೇ ಏಟಿಗೆ ಅದು ನೀರು ಕಂಡರೆ ನಡೆಯುವವನು ಹಿಂದಿರುಗಬೇಕು. ಆದ್ದರಿಂದಲೇ ಅನುಭವಸ್ಥನಾದ ಮೀನುಗಾರನು ಜಾರುಬಂಡಿಯಲ್ಲಿ ಎಷ್ಟೇ ಬೆಲೆಬಾಳುವ ಯಂತ್ರವನ್ನು ಹೇರಿಕೊಂಡಿದ್ದರೂ, ಹೊಸ ಗಡ್ಡೆಯ ಮೇಲೆ ಕೈಯಲ್ಲಿ ಉಳಿಯನ್ನು ಹಿಡಿದು ಮುಂದೆ ಕುಟ್ಟಿ ನೋಡುತ್ತಲೇ ನಡೆಯುತ್ತಾನೆ.