ಬಣ್ಣದ ಶ್ರೇಣಿಯೂ ದೀಕ್ಷಾಸ್ನಾನವೂ: ಉತ್ತರ ಕನ್ನಡದ ಸಿದ್ದಿಗಳ ಚರಿತ್ರೆಯಿಂದ

ಉತ್ತರ ಕನ್ನಡದ ಸಿದ್ದಿಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅವರ ಗುಂಗುರು ಕೂದಲನ್ನೂ ಕಪ್ಪು ಮೈಬಣ್ಣವನ್ನೂ ಗುರುತಾಗಿ ಹಿಡಿದು, ಆಫ್ರಿಕದ ಮೂಲವನ್ನು ಹೇಳಿ ಮುಗಿಸುತ್ತಾರೆ. ಇದರಿಂದ ಒಂದು ಪ್ರಶ್ನೆ ಮರೆಯಾಗುತ್ತದೆ. ಕೂದಲು ನೇರವಾಗಿರುವ, ಬಣ್ಣ ತಿಳಿಯಾಗಿರುವ ಮಿಶ್ರ ಸಂತತಿಯ ಸಿದ್ದಿ ಯಾರಿಗೆ ಸೇರಿದವನು? ಈ ಪ್ರಶ್ನೆಯನ್ನು ಸಿದ್ದಿಗಳು ತಾವಾಗಿ ಎತ್ತಿಕೊಂಡದ್ದಲ್ಲ. ಅವರನ್ನು ಮಾರಿ ಕೊಂಡ ಲೋಕವು ಅದನ್ನು ಅವರ ಮೇಲೆ ಹೊರಿಸಿತು. ಆ ಲೋಕದಲ್ಲಿ ಕ್ರೈಸ್ತ ಸಭೆಗೂ ಪಾಲಿತ್ತಾದ್ದರಿಂದ ನಾವು ಇದನ್ನು ವಿಚಾರಿಸಬೇಕಾಗಿದೆ.

ಆಫ್ರಿಕದವರು ನಮ್ಮ ನಾಡಿಗೆ ಬಂದದ್ದು ಗುಲಾಮರಾಗಿ ಮಾತ್ರವಲ್ಲ. ಬಿಜಾಪುರದ ಆದಿಲ್‌ಶಾಹಿಗಳ ಆಸ್ಥಾನದಲ್ಲಿ ಹಬಶಿಗಳು ಮಂತ್ರಿಗಳಾಗಿದ್ದರು. ಗುಲಾಮನಾಗಿ ಮಾರಲ್ಪಟ್ಟ ಮಲಿಕ್ ಅಂಬರನು 1626ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಹಮದ್‌ನಗರ ರಾಜ್ಯದ ಸೂತ್ರಧಾರನಾಗಿದ್ದನು. ಆದರೆ ಉತ್ತರ ಕನ್ನಡದ ಸಿದ್ದಿಗಳಲ್ಲಿ ಬಹುಮಂದಿಯ ಪೂರ್ವಿಕರು ಬಂದದ್ದು ಪೋರ್ಚುಗೀಸರ ಗೋವೆಯ ಮೂಲಕ. 16ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಮೊಜಾಂಬಿಕ್ ಮುಂತಾದ ಕಡೆಗಳಿಂದ ಹಡಗುಗಳಲ್ಲಿ ತಂದವರನ್ನು ಅಲ್ಲಿ ಮಾರುತ್ತಿದ್ದರು. ಮಾರಾಟವಾದವರಿಗೆ ದೀಕ್ಷಾಸ್ನಾನವೂ ಆಗುತ್ತಿತ್ತು. ಹೊಸ ಹೆಸರು ದೊರಕುತ್ತಿತ್ತು, ಬಿಡುಗಡೆ ದೊರಕುತ್ತಿರಲಿಲ್ಲ.

ಗೋವೆಯ ಸಮಾಜವು ರಕ್ತದ ಲೆಕ್ಕದ ಮೇಲೆ ನಿಂತಿತ್ತು. ಪೋರ್ಚುಗಲ್ಲಿನಲ್ಲಿ ಹುಟ್ಟಿದವರು ಮೇಲೆ, ಅಲ್ಲಿಯ ತಂದೆತಾಯಿಗಳಿಗೆ ಇಲ್ಲಿ ಹುಟ್ಟಿದ ಕಾಸ್ತಿಸರು ಅವರ ಕೆಳಗೆ, ಮಿಶ್ರ ಸಂತತಿಯ ಮೆಸ್ತಿಸರು ಇನ್ನೂ ಕೆಳಗೆ, ಆಫ್ರಿಕದ ಗುಲಾಮರು ಎಲ್ಲರಿಗಿಂತ ಕೆಳಗೆ. ಒಂದೇ ಪೂಜೆಯಲ್ಲಿ ಮೊಣಕಾಲೂರಿದವರ ನಡುವೆಯೂ ಈ ಅಂತರವಿತ್ತು. 1761ರ ಏಪ್ರಿಲ್ 2ರಂದು ಲಿಸ್ಬನ್ನಿನಿಂದ ಹೊರಟ ರಾಜಾಜ್ಞೆಯು ಏಷ್ಯ ಮತ್ತು ಪೂರ್ವ ಆಫ್ರಿಕಗಳ ಕ್ರೈಸ್ತ ಪ್ರಜೆಗಳಿಗೆ ಪೋರ್ಚುಗೀಸರೊಂದಿಗೆ ಸಮಾನ ಸ್ಥಾನವನ್ನು ಘೋಷಿಸಿತು. ಅವರನ್ನು ಬಣ್ಣ ಹಿಡಿದು ಹೀಯಾಳಿಸುವುದನ್ನು ಅಪರಾಧವೆಂದಿತು. ಇಂಥ ಆಜ್ಞೆ ಬೇಕಾಯಿತೆಂಬುದೇ ಹೀಯಾಳಿಕೆ ಎಷ್ಟು ರೂಢಿಯಾಗಿತ್ತೆಂಬುದಕ್ಕೆ ಸಾಕ್ಷಿ. ಆಜ್ಞೆಯ ಬಳಿಕವೂ ಗುಲಾಮರ ವ್ಯಾಪಾರವು ದಶಕಗಳ ಕಾಲ ನಡೆಯಿತು.

ತಪ್ಪಿಸಿಕೊಂಡವರು ಘಟ್ಟವನ್ನು ಹತ್ತಿ ಕಾಡು ಸೇರಿದರು. ಇಂದು ಹಳಿಯಾಳ, ಯಲ್ಲಾಪುರ, ಅಂಕೋಲ, ಮುಂಡಗೋಡ ತಾಲ್ಲೂಕುಗಳಲ್ಲಿ ಅವರ ವಂಶದವರಿದ್ದಾರೆ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕಥೋಲಿಕರೂ ಉಂಟು. ಕನ್ನಡ, ಕೊಂಕಣಿ, ಉರ್ದು ಮಾತಾಡುವವರುಂಟು. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಭಾರತದ ಸಿದ್ದಿಗಳಲ್ಲಿ ಆಫ್ರಿಕದ ಅಂಶದೊಡನೆ ಭಾರತೀಯ ಅಂಶವನ್ನೂ, ಬಹುಶಃ ಯುರೋಪಿನ ಅಂಶವನ್ನೂ ಕಂಡಿತು. ಹೀಗಿರುವಾಗ ಶುದ್ಧ ಸಿದ್ದಿಯನ್ನು ಹುಡುಕುವುದು ವ್ಯರ್ಥ. ಆದರೂ ಹುಡುಕಾಟ ನಿಂತಿಲ್ಲ. ಹೊರಗಿನವರ ಕಣ್ಣಿಗೆ ಕಪ್ಪು ಕಡಿಮೆಯಿದ್ದವನು ನಿಜವಾದ ಸಿದ್ದಿಯಲ್ಲ. ಬಿಳುಪನ್ನು ಮೆಚ್ಚುವ ನಮ್ಮ ಮದುವೆಯ ಮಾತುಕತೆಗಳಲ್ಲಿ ಕಪ್ಪು ಹೆಚ್ಚಿದ್ದವಳು ಬೇಡವಾದವಳು. ಎರಡು ಕಡೆಯೂ ತಕ್ಕಡಿ ಒಂದೇ.

ಈ ತೂಕದಿಂದ ಆಗುವ ನಷ್ಟ ಮನಸ್ಸಿನದು ಮಾತ್ರವಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿಯೂ, ಬೆಳಗಾವಿ ಮತ್ತು ಧಾರವಾಡದವರಿಗೆ 2020ರಲ್ಲಿಯೂ ಪರಿಶಿಷ್ಟ ಪಂಗಡದ ಮಾನ್ಯತೆ ದೊರಕಿತು. ಆದುದರಿಂದ ಯಾರು ಸಿದ್ದಿ ಎಂಬ ಮಾತು ಓದು, ಉದ್ಯೋಗಗಳ ಮಾತೂ ಆಗಿದೆ. ತಾಯಿ ಬುಡಕಟ್ಟಿನವಳು, ತಂದೆ ಹೊರಗಿನವನು ಆಗಿರುವ ಮಗುವಿನ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ, ರಮೇಶಭಾಯಿ ದಾಭಾಯಿ ನಾಯ್ಕ ಪ್ರಕರಣದಲ್ಲಿ ವಿವೇಕದ ದಾರಿಯೊಂದನ್ನು ತೋರಿಸಿತು. ಮಗು ತಂದೆಯ ಜಾತಿಗೆ ಸೇರಿದ್ದೆಂಬ ಊಹೆಯನ್ನು ಕಡೆಯ ಮಾತಾಗಿ ಎಣಿಸಬೇಕಾಗಿಲ್ಲ. ತಾಯಿಯ ಸಮುದಾಯದಲ್ಲಿ ಬೆಳೆದು, ಆ ಸಮುದಾಯದವರು ಅನುಭವಿಸುವ ಅವಮಾನ, ಕೊರತೆಗಳನ್ನು ತಾನೂ ಅನುಭವಿಸಿದ್ದರೆ ಅದನ್ನು ಸಾಬೀತುಪಡಿಸಲು ಅವಕಾಶವಿರಬೇಕು. ಇಲ್ಲಿ ಅಳತೆಗೋಲು ಚರ್ಮವಲ್ಲ, ಹಂಚಿಕೊಂಡ ಬಾಳು.

ಸಭೆಯು ಇದನ್ನು ನ್ಯಾಯಾಲಯದಿಂದ ಕಲಿಯಬೇಕಾಗಿರಲಿಲ್ಲ. ಅರಣ್ಯಕಾಂಡದ 12ನೆಯ ಅಧ್ಯಾಯದಲ್ಲಿ ಮೋಶೆಯು ಕೂಷ್ ದೇಶದ ಸ್ತ್ರೀಯನ್ನು ಮದುವೆಯಾದುದಕ್ಕೆ ಮಿರ್ಯಾಮಳೂ ಆರೋನನೂ ಆಕ್ಷೇಪಿಸುತ್ತಾರೆ. ದೇವರ ಕೋಪವು ಆಕ್ಷೇಪಿಸಿದವರ ಮೇಲೆ ಬೀಳುತ್ತದೆ, ಆ ಸ್ತ್ರೀಯ ಮೇಲಲ್ಲ. ಹಿಮದಂತೆ ಬೆಳ್ಳಗಾದವಳು ಮಿರ್ಯಾಮಳು. ಪರಮಗೀತದ ಮೊದಲ ಅಧ್ಯಾಯದ ಕನ್ಯೆಯು ತನ್ನ ಕಪ್ಪನ್ನೂ ಚೆಲುವನ್ನೂ ಹೇಳುವಲ್ಲಿ ಇರುವ ಹೀಬ್ರೂ ಅವ್ಯಯಕ್ಕೆ ‘ಮತ್ತು’ ಎಂದೂ ‘ಆದರೆ’ ಎಂದೂ ಅರ್ಥವಾಗುತ್ತದೆ. ಗ್ರೀಕ್ ಭಾಷಾಂತರವು ‘ಮತ್ತು’ ಎಂದಿತು. ಲತೀನ್ ಭಾಷಾಂತರವು ‘ಆದರೆ’ ಎಂದಿತು. ಗೋವೆಗೆ ಬಂದ ಸಭೆಯು ಓದಿದ್ದು ಲತೀನ್ ಸತ್ಯವೇದವನ್ನು.

ಆ ಒಂದು ಪದದಿಂದಲೇ ಗುಲಾಮಗಿರಿ ಹುಟ್ಟಿತೆಂದು ನಾವು ಹೇಳುವುದಿಲ್ಲ. ಆದರೆ ಕಪ್ಪಾಗಿದ್ದರೂ ಚೆಲುವೆ ಎಂಬ ಕರುಣೆಯ ಮಾತಿನೊಳಗೆ ತಿರಸ್ಕಾರ ಅಡಗಿದೆ. ಮೂರು ಧರ್ಮಗಳಲ್ಲಿ ಹಂಚಿಹೋಗಿಯೂ, ಹಲವು ರಕ್ತಗಳಲ್ಲಿ ಬೆರೆತೂ ಸಿದ್ದಿಗಳು ಒಬ್ಬರನ್ನೊಬ್ಬರು ತಮ್ಮವರೆಂದು ಕರೆಯುತ್ತ ಬಂದಿದ್ದಾರೆ. ದೀಕ್ಷಾಸ್ನಾನದಲ್ಲಿ ನಾವು ಅರಿಕೆಮಾಡುವ ಐಕ್ಯವು ಇದಕ್ಕಿಂತ ಕಿರಿದಾಗಿರಬಾರದು. ಸಿದ್ದಿ ಮಕ್ಕಳು ನಮ್ಮ ಸಭೆಗಳಲ್ಲಿ ಕುಣಿತಕ್ಕೂ ಪ್ರದರ್ಶನಕ್ಕೂ ಕರೆಯಲ್ಪಡುವವರಾಗಿ ಉಳಿಯದೆ, ಬೋಧಿಸುವವರೂ ನಡೆಸುವವರೂ ಆಗುವ ದಿನ ಆ ಅರಿಕೆ ನಿಜವಾಗುತ್ತದೆ.