ಸಿರಿಂಜಿನಲ್ಲಿ ಬಾಯ್ಲ್ ನಿಯಮ: ಅಳತೆಗೆ ಸಿಗದ ಗಾಳಿ

ತಾಪ ಬದಲಾಗದಿದ್ದರೆ, ನಿರ್ದಿಷ್ಟ ಪ್ರಮಾಣದ ಅನಿಲದ ಒತ್ತಡ ಮತ್ತು ಗಾತ್ರಗಳ ಗುಣಲಬ್ಧ ಸ್ಥಿರ. ಸಿರಿಂಜನ್ನು ಕೊಳವೆಯ ಮೂಲಕ ಒತ್ತಡಮಾಪಕಕ್ಕೆ ಜೋಡಿಸಿ ತರಗತಿಯಲ್ಲಿ ಇದನ್ನು ಪರೀಕ್ಷಿಸಿದರೆ, ಪಿಸ್ಟನ್ ಒತ್ತುತ್ತ ಹೋದಂತೆ ಗುಣಲಬ್ಧ ಇಳಿಯುವುದನ್ನು ಕಾಣಬಹುದು. ‘ಪ್ರಯೋಗದೋಷ’ ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಆಕಸ್ಮಿಕ ದೋಷವಾಗಿದ್ದರೆ ಅಂಕಿಗಳು ಮೇಲೂ ಕೆಳಗೂ ಚದುರಬೇಕಿತ್ತು. ಒಂದೇ ದಿಕ್ಕಿಗೆ ಸರಿಯುವ ಅಂಕಿಗಳನ್ನು ಆ ಹೆಸರಿನಡಿ ಮುಚ್ಚಿಡುವಂತಿಲ್ಲ.

ಸಿರಿಂಜಿನ ಗೆರೆಗಳು ಕೊಳವೆಯೊಳಗಿನ ಗಾಳಿಯನ್ನು ಅಳೆಯುವುದಿಲ್ಲ. ಅದು 1 ಮಿ.ಲೀ. ಇದೆಯೆಂದುಕೊಳ್ಳೋಣ. ಗೆರೆ 20 ತೋರಿಸುವಾಗ ನಿಜವಾದ ಗಾತ್ರ 21. ಒತ್ತಡ 100 ಕಿಲೋಪಾಸ್ಕಲ್. ಗೆರೆ 10ಕ್ಕೆ ಬಂದಾಗ ಒತ್ತಡ 200 ಆಗದೆ ಸುಮಾರು 191ರಲ್ಲಿ ನಿಲ್ಲುತ್ತದೆ. 5ಕ್ಕೆ ಬಂದಾಗ 400ರ ಬದಲು 350. ಓದಿದ ಗುಣಲಬ್ಧ 2000ದಿಂದ 1750ಕ್ಕೆ ಕುಸಿಯಿತು, ಅಂದರೆ ಶೇ. 12.5ರಷ್ಟು ಕೊರತೆ. ನಿಯಮದಲ್ಲಿ ಲೋಪವಿಲ್ಲ. ಒತ್ತಡದ ವಿಲೋಮಕ್ಕೆ ಎದುರಾಗಿ ಗೆರೆ ತೋರಿಸುವ ಗಾತ್ರವನ್ನು ಗ್ರಾಫಿನಲ್ಲಿ ಗುರುತಿಸಿದರೆ ಸರಳರೇಖೆಯೇ ಬರುತ್ತದೆ. ಅದು ಮೂಲಬಿಂದುವಿನ ಬದಲು ಗಾತ್ರದ ಅಕ್ಷವನ್ನು −1ರಲ್ಲಿ ಛೇದಿಸುತ್ತದೆ. ಅಳೆಯಲಾಗದ ಗಾಳಿಯ ಗಾತ್ರ ಹೀಗೆ ಗ್ರಾಫಿನಿಂದಲೇ ಸಿಗುತ್ತದೆ. ನನ್ನ ಮಟ್ಟಿಗೆ ಈ ಪ್ರಯೋಗದ ನಿಜವಾದ ಫಲ ಇದು.

ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ಕೋಷ್ಟಕವನ್ನು ಇದರೊಡನೆ ಹೋಲಿಸಬೇಕು. ಒಂದು ತುದಿ ಮುಚ್ಚಿದ, ಬಾಗಿದ ಗಾಜಿನ ಕೊಳವೆಗೆ ಪಾದರಸ ಸುರಿದು ಅವನು ಗಾಳಿಯನ್ನು 48 ಭಾಗಗಳಿಂದ 12ಕ್ಕೆ ಇಳಿಸಿದ. ಒತ್ತಡ ಪಾದರಸದ 29 2/16 ಅಂಗುಲದಿಂದ 117 9/16ಕ್ಕೆ ಏರಿತು. ಗುಣಲಬ್ಧ ಇಳಿಯುವ ಬದಲು ಶೇ. 1ರಷ್ಟು ಹೆಚ್ಚಿತು. ಅವನ ಗಾಳಿ ನೇರವಾಗಿ ಪಾದರಸಕ್ಕೇ ತಾಗಿಕೊಂಡಿತ್ತು, ಅಡಗಲು ಪಕ್ಕದ ಕೊಳವೆಯೇ ಇರಲಿಲ್ಲ. ಕಂಡ ಅಂಕಿಯ ಪಕ್ಕದಲ್ಲೇ ನಿಯಮದ ಪ್ರಕಾರ ಬರಬೇಕಾದ ಅಂಕಿಯನ್ನೂ ಅವನು ಅಚ್ಚು ಹಾಕಿಸಿದ್ದರಿಂದ ಈ ವ್ಯತ್ಯಾಸ ಇಂದಿಗೂ ಲೆಕ್ಕಕ್ಕೆ ಸಿಗುತ್ತದೆ.

ಗುಣಲಬ್ಧ ಇಳಿಯಲು ಸೋರಿಕೆಯೂ ಕಾರಣವಾಗಬಹುದು. ಎರಡನ್ನೂ ಬೇರ್ಪಡಿಸಲು ಪಿಸ್ಟನ್ನನ್ನು ಮತ್ತೆ 20ಕ್ಕೆ ಎಳೆಯಬೇಕು. ಒತ್ತಡ 100ಕ್ಕೆ ಮರಳಿದರೆ ತಪ್ಪು ಕೊಳವೆಯದು. ಅದಕ್ಕಿಂತ ಕಡಿಮೆ ನಿಂತರೆ ಗಾಳಿ ಹೊರಹೋಗಿದೆ. ಅವಸರದಲ್ಲಿ ಒತ್ತಿದರೆ ಅಥವಾ ಎಳೆದರೆ ಗಾಳಿಯ ತಾಪವೇ ಬದಲಾಗುವುದರಿಂದ, ಮಾಪಕದ ಮುಳ್ಳು ನೆಲೆಗೊಳ್ಳುವವರೆಗೆ ಕಾದು ಓದಬೇಕು.